ಗಾಡಿ ಓಡಿಸುವವರ ಕಣ್ಣು ಮತ್ತು ದೇಹಾರೋಗ್ಯ

(ಸಕಲೇಶಪುರ–ಆಲೂರು ಭಾಗದ ಬೆಳೆಗಾರರಿಗಾಗಿ ಸಿದ್ಧಪಡಿಸಿದ ಭಾಷಣ)



ಕಾಫಿ ಕೊಯ್ಲು ಹತ್ತಿರವಾಗುತ್ತಿದ್ದಂತೆ ಸಕಲೇಶಪುರ, ಆಲೂರು ತಾಲ್ಲೂಕುಗಳ ಪ್ರತಿಯೊಂದು ತೋಟದಲ್ಲಿಯೂ ಸಿದ್ಧತೆ ಆರಂಭವಾಗುತ್ತದೆ. ಕಣ ಚೊಕ್ಕಟ ಮಾಡುತ್ತಾರೆ. ಪಲ್ಪರ್ ಯಂತ್ರವನ್ನು ಬಿಚ್ಚಿ ತೊಳೆದು ಎಣ್ಣೆ ಹಾಕುತ್ತಾರೆ. ಗೋಣಿಚೀಲ ಎಣಿಸಿ ಇಡುತ್ತಾರೆ. ಜೀಪು, ಪಿಕಪ್ಪು, ಟ್ರಾಕ್ಟರುಗಳನ್ನು ಗ್ಯಾರೇಜಿಗೆ ಕಳುಹಿಸಿ ಬ್ರೇಕು, ಟೈರು, ದೀಪ ಎಲ್ಲವನ್ನೂ ನೋಡಿಸುತ್ತಾರೆ. ಗಾಡಿಯ ಎರಡು ದೀಪಗಳು ಸರಿಯಾಗಿವೆಯೇ ಎಂದು ಇಷ್ಟು ಆಸ್ಥೆಯಿಂದ ನೋಡುವವರು, ಅದನ್ನು ಓಡಿಸುವವರ ಎರಡು ಕಣ್ಣುಗಳು ಸರಿಯಾಗಿವೆಯೇ ಎಂದು ನೋಡುವುದು ಮಾತ್ರ ಅಪರೂಪ. ಗಾಡಿಗೆ ಯೋಗ್ಯತಾ ಪತ್ರ ಬೇಕೆಂಬುದು ಎಲ್ಲರಿಗೂ ಗೊತ್ತು. ಮನುಷ್ಯನಿಗೂ ಅಂಥದೊಂದು ಯೋಗ್ಯತೆಯನ್ನು ಕಾನೂನು ವಿಧಿಸಿದೆ ಎಂಬುದನ್ನು ಪರವಾನಗಿ ನವೀಕರಣದ ದಿನ ಬಿಟ್ಟರೆ ಉಳಿದ ದಿನಗಳಲ್ಲಿ ಯಾರೂ ನೆನೆಯುವುದಿಲ್ಲ.

ಬಯಲುಸೀಮೆಯಲ್ಲಿ ಈ ಮರೆವು ಒಂದಿಷ್ಟು ದಿನ ನಡೆದೀತು. ಮಲೆನಾಡಿನಲ್ಲಿ ನಡೆಯದು. ಇಲ್ಲಿಯ ರಸ್ತೆಗಳ ಸ್ವಭಾವವೇ ಬೇರೆ. ಬೆಂಗಳೂರು–ಮಂಗಳೂರು ಹೆದ್ದಾರಿ, ಅಂದರೆ ಹಿಂದೆ 48 ಎಂದು ಕರೆಯುತ್ತಿದ್ದ ಈಗಿನ 75ನೆಯ ರಾಷ್ಟ್ರೀಯ ಹೆದ್ದಾರಿ, ಬಾಳ್ಳುಪೇಟೆ ದಾಟಿ ಸಕಲೇಶಪುರಕ್ಕೆ ಬಂದು, ದೋಣಿಗಾಲ್, ಮಾರನಹಳ್ಳಿಗಳ ಮೇಲೆ ಶಿರಾಡಿ ಘಾಟಿಗೆ ಇಳಿಯುತ್ತದೆ. ಬಂದರಿಗೆ ಹೋಗುವ ಭಾರಿ ಲಾರಿಗಳೂ ಕಾಫಿ ಹಣ್ಣು ತುಂಬಿದ ಪಿಕಪ್ಪುಗಳೂ ಅದೇ ತಿರುವುಗಳಲ್ಲಿ ಎದುರಾಗುತ್ತವೆ. ಹೆತ್ತೂರು, ಯಸಳೂರು, ಹಾನುಬಾಳು, ಕೆಂಚಮ್ಮನ ಹೊಸಕೋಟೆ ಕಡೆಯ ಒಳರಸ್ತೆಗಳಲ್ಲಿ ಎರಡು ಗಾಡಿಗಳು ಎದುರಾದರೆ ಒಂದು ಮಣ್ಣಿಗಿಳಿಯಲೇಬೇಕು. ಮಳೆಗಾಲದಲ್ಲಿ ಧರೆ ಕುಸಿಯುತ್ತದೆ. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿ ಮುಚ್ಚಿದ್ದೂ, 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಜರಿದದ್ದೂ ಎಲ್ಲರ ನೆನಪಿನಲ್ಲಿವೆ. ಕೊಯ್ಲಿನ ಕಾಲದಲ್ಲಿ ಮುಂಜಾನೆ ಮಂಜು. ಸಂಜೆಯಾದ ಮೇಲೆ ಆನೆ. ಬೂದುಕಪ್ಪು ಬಣ್ಣದ ಆನೆ ಕಪ್ಪು ರಸ್ತೆಯ ಮೇಲೆ ನೆರಳಿನಲ್ಲಿ ನಿಂತಿದ್ದರೆ ಅದರ ಮೈಯಿಂದ ಬೆಳಕು ಹಿಂದಿರುಗುವುದೇ ಇಲ್ಲ. ಒಳ್ಳೆಯ ಕಣ್ಣಿಗೇ ಅದು ತಡವಾಗಿ ಕಾಣುತ್ತದೆ.

ಕಾನೂನು ಏನು ಕೇಳುತ್ತದೆ?

ಈಗ ಜಾರಿಯಲ್ಲಿರುವುದು 1988ರ ಮೋಟಾರು ವಾಹನ ಕಾಯಿದೆ. ಇದು 1939ರ ಹಳೆಯ ಕಾಯಿದೆಯ ಸ್ಥಾನದಲ್ಲಿ 1989ರ ಜುಲೈ 1ರಿಂದ ಜಾರಿಗೆ ಬಂತು. 2019ರಲ್ಲಿ ಇದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಪರವಾನಗಿಗೆ ಅರ್ಜಿ ಹಾಕುವವರು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಮೊದಲನೆಯ ನಮೂನೆಯಲ್ಲಿ ತಮ್ಮ ದೇಹಸ್ಥಿತಿಯ ಬಗ್ಗೆ ತಾವೇ ಘೋಷಣೆ ಮಾಡಬೇಕು. ಸಾರಿಗೆ ವಾಹನದ ಪರವಾನಗಿ ಕೇಳುವವರೂ, ನಲವತ್ತು ವಯಸ್ಸು ದಾಟಿದ ಇತರರೂ ಇದರ ಜೊತೆಗೆ ನೋಂದಾಯಿತ ವೈದ್ಯರು ಸಹಿ ಮಾಡಿದ 1-ಎ ನಮೂನೆಯನ್ನು ಸಲ್ಲಿಸಬೇಕು.

ಘೋಷಣೆಯಲ್ಲಿರುವ ಪ್ರಶ್ನೆಗಳು ಕೆಲವೇ. ಮೂರ್ಛೆರೋಗ ಇದೆಯೇ, ಇಲ್ಲವೇ ಯಾವುದೇ ಕಾರಣದಿಂದ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಬರುವುದು ಉಂಟೇ? ಒಳ್ಳೆಯ ಹಗಲು ಬೆಳಕಿನಲ್ಲಿ, ಕನ್ನಡಕ ಹಾಕುವವರಾದರೆ ಕನ್ನಡಕ ಹಾಕಿಕೊಂಡು, 25 ಮೀಟರ್ ದೂರದಿಂದ ಮೋಟಾರು ಕಾರಿನ ನಂಬರು ಫಲಕವನ್ನು ಒಂದೊಂದು ಕಣ್ಣಿನಿಂದಲೂ ಗುರುತಿಸಬಲ್ಲಿರಾ? ಕೈಕಾಲು ಕಳೆದುಕೊಂಡಿದ್ದೀರಾ, ಅವುಗಳ ಚಲನೆಯಲ್ಲಿ ಅಥವಾ ಬಲದಲ್ಲಿ ಊನವಿದೆಯೇ? ತೀವ್ರ ಪ್ರಮಾಣದ ಬಣ್ಣಗುರುಡು ಇದೆಯೇ? ಇರುಳುಗುರುಡು ಇದೆಯೇ? ಸಾಮಾನ್ಯ ಹಾರನ್ನಿನ ಶಬ್ದವೂ ಕೇಳದಷ್ಟು ಕಿವುಡೇ? ಗಾಡಿ ಓಡಿಸಿದರೆ ಜನರಿಗೆ ಅಪಾಯ ತರಬಹುದಾದ ಬೇರೆ ಕಾಯಿಲೆ ಇದೆಯೇ?

ಇವು ಬಹಳ ವಿವೇಚನೆಯಿಂದ ಮಾಡಿದ ಪ್ರಶ್ನೆಗಳು. ಆದರೆ ಅರ್ಜಿ ತುಂಬುವವನು ಒಂದೇ ಉಸಿರಿನಲ್ಲಿ ಎಲ್ಲ ಕಾಯಿಲೆಗೂ ‘ಇಲ್ಲ’, ಎಲ್ಲ ಸಾಮರ್ಥ್ಯಕ್ಕೂ ‘ಹೌದು’ ಎಂದು ಗುರುತು ಹಾಕಿಬಿಟ್ಟರೆ ಪ್ರಶ್ನೆಯ ವಿವೇಚನೆಯಿಂದ ಏನೂ ಪ್ರಯೋಜನವಿಲ್ಲ. ಕೆಳಗೆ ಸಹಿ ಹಾಕುವವನು ಇದು ಸತ್ಯವೆಂದು ಘೋಷಿಸುತ್ತಿದ್ದಾನೆ ಎಂಬುದನ್ನೂ ಮರೆಯಬಾರದು. ವೈದ್ಯರ ಪತ್ರದ ವಿಷಯದಲ್ಲಿಯೂ ಇದೇ ಮಾತು. ಕಣ್ಣು ನೋಡದೆ ಸಹಿ ಮಾಡಿಕೊಡುವ ವೈದ್ಯರನ್ನು ಹುಡುಕಿಕೊಂಡು ಹೋಗುವುದು ಜಾಣತನವೆಂದು ಕೆಲವರು ತಿಳಿದಿದ್ದಾರೆ. ಮಣ್ಣು ಪರೀಕ್ಷೆಗೆ ಮಾದರಿ ಕೊಡದೆ ಫಲಿತಾಂಶದ ಚೀಟಿ ಮಾತ್ರ ಬರೆಸಿಕೊಂಡು ಬಂದಂತೆ ಇದು. ಆ ಚೀಟಿ ನೋಡಿ ಗೊಬ್ಬರ ಹಾಕಿದರೆ ನಷ್ಟ ಯಾರಿಗೆ?

ಪರವಾನಗಿಯ ಅವಧಿಯನ್ನೂ ತಿಳಿದಿರಬೇಕು. 2019ರ ತಿದ್ದುಪಡಿಯ ಪ್ರಕಾರ ಸ್ವಂತ ವಾಹನದ ಪರವಾನಗಿ ಪಡೆಯುವಾಗ ಮೂವತ್ತು ತುಂಬದವರಿಗೆ ನಲವತ್ತರವರೆಗೆ, ಮೂವತ್ತರಿಂದ ಐವತ್ತರೊಳಗಿನವರಿಗೆ ಹತ್ತು ವರ್ಷ, ಐವತ್ತರಿಂದ ಐವತ್ತೈದರೊಳಗಿನವರಿಗೆ ಅರವತ್ತರವರೆಗೆ, ಐವತ್ತೈದು ದಾಟಿದವರಿಗೆ ಐದೈದು ವರ್ಷ ಸಿಂಧುವಾಗಿರುತ್ತದೆ. ಸಾರಿಗೆ ವಾಹನದ್ದು ಐದು ವರ್ಷ. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ಕಳೆದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಾಗುತ್ತದೆ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಐವತ್ತೊಂದನೆಯ ವಯಸ್ಸಿನಲ್ಲಿ ನವೀಕರಣ ಮಾಡಿಸಿದವನನ್ನು ಅರವತ್ತು ತುಂಬುವವರೆಗೆ ಸರ್ಕಾರ ಮತ್ತೆ ಕಣ್ಣಿನ ವಿಷಯ ಕೇಳುವುದಿಲ್ಲ. ಆದರೆ ಮನುಷ್ಯನ ಕಣ್ಣು ಹೆಚ್ಚು ಬದಲಾಗುವುದು ಸರಿಯಾಗಿ ಆ ಒಂಬತ್ತು ವರ್ಷಗಳಲ್ಲಿಯೇ. ಕಾರ್ಡಿನ ಮೇಲಿನ ತಾರೀಖು ಕಣ್ಣಿನ ತಾರೀಖಲ್ಲ.

ಇಪ್ಪತ್ತೈದು ಮೀಟರಿನ ಪರೀಕ್ಷೆ

25 ಮೀಟರ್ ಎಂದರೆ ಸುಮಾರು 82 ಅಡಿ. ಹತ್ತು ಅಡಿ ಅಂತರದಲ್ಲಿ ನೆಟ್ಟ ರೊಬಸ್ಟಾ ತೋಟವಾದರೆ ಒಂಬತ್ತು ಗಿಡಗಳ ಸಾಲು, ಅದರ ಮೇಲೆ ಒಂದು ಹೆಜ್ಜೆ. ಮನೆಯ ಅಂಗಳದಲ್ಲಿಯೇ ಹಗ್ಗ ಹಿಡಿದು ಅಳೆದು, ಕಾರು ಅಥವಾ ಜೀಪನ್ನು ಬಿಸಿಲಿನಲ್ಲಿ ನಿಲ್ಲಿಸಿ, ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ಒಂದು ಕಣ್ಣನ್ನು ಅಂಗೈಯಿಂದ, ಗುಡ್ಡೆಯನ್ನು ಒತ್ತದಂತೆ, ಮುಚ್ಚಿಕೊಂಡು ಇನ್ನೊಂದರಿಂದ ಓದಬೇಕು. ಸ್ವಂತ ಗಾಡಿಯ ನಂಬರು ಬಾಯಿಪಾಠವಾಗಿರುವುದರಿಂದ ನೆಂಟರ ಗಾಡಿಯಾದರೆ ಮೇಲು. ಬೈಕಿನ ಫಲಕ ಬೇಡ, ಅದರ ಅಕ್ಷರ ಚಿಕ್ಕದು. ಕಾರಿನ ಫಲಕದ ಅಕ್ಷರದ ಎತ್ತರ 65 ಮಿಲಿಮೀಟರ್ ಇರಬೇಕೆಂದು ನಿಯಮವಿದೆ.

ಕಣ್ಣಿನ ವೈದ್ಯರ ಭಾಷೆಯಲ್ಲಿ ಇದು ಎಷ್ಟಾಗುತ್ತದೆ? ಅವರ ಅಕ್ಷರ ಫಲಕವನ್ನು ಆರು ಮೀಟರ್ ದೂರದಲ್ಲಿ ಇಟ್ಟು ಓದಿಸುತ್ತಾರೆ. ಸಹಜ ದೃಷ್ಟಿ ಇದ್ದರೆ 6/6. ಸಹಜ ಕಣ್ಣು ಹನ್ನೆರಡು ಮೀಟರಿನಿಂದ ಓದುವುದನ್ನು ಆರು ಮೀಟರಿಗೆ ಬಂದು ಓದುವವನದು 6/12. 65 ಮಿಲಿಮೀಟರ್ ಅಕ್ಷರವನ್ನು 25 ಮೀಟರಿನಿಂದ ಸ್ಪಷ್ಟವಾಗಿ ಓದಲು 6/12ಕ್ಕಿಂತ ತುಸು ಉತ್ತಮ ದೃಷ್ಟಿ ಬೇಕಾಗುತ್ತದೆ. ಬ್ರಿಟನ್ನಿನಲ್ಲಿಯೂ ನಂಬರು ಫಲಕವನ್ನೇ ಓದಿಸುತ್ತಾರೆ. ಅಲ್ಲಿ ದೂರ 20 ಮೀಟರ್, ಜೊತೆಗೆ 6/12 ದೃಷ್ಟಿ ಇರಬೇಕೆಂಬ ಕಟ್ಟಳೆ.

ಆದರೆ ಇದು ಕನಿಷ್ಠ ಮಟ್ಟ ಮಾತ್ರ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ 25 ಮೀಟರನ್ನು ಎರಡೂಕಾಲು ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ರಸ್ತೆ ರಚನೆಯಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದ ಪ್ರಕಾರ ಚಾಲಕನು ಅಡ್ಡಿಯನ್ನು ಕಂಡು, ತಿಳಿದು, ಬ್ರೇಕು ಒತ್ತಿ ಗಾಡಿ ನಿಲ್ಲಿಸಲು 30 ಕಿಲೋಮೀಟರ್ ವೇಗಕ್ಕೆ 30 ಮೀಟರ್, 40ಕ್ಕೆ 45 ಮೀಟರ್, 50ಕ್ಕೆ 60 ಮೀಟರ್ ಬೇಕು. ಹಾಗಾದರೆ ಮಂಜಿನಲ್ಲಿ 25 ಮೀಟರ್ ಮಾತ್ರ ಕಾಣುತ್ತಿರುವಾಗ 40ರ ವೇಗದಲ್ಲಿ ಹೋಗುವವನು ಕಾಣದ ಜಾಗಕ್ಕೆ ನುಗ್ಗುತ್ತಿದ್ದಾನೆ ಎಂದೇ ಅರ್ಥ. ಇಳಿಜಾರು, ಒದ್ದೆ ರಸ್ತೆ, ಮೇಲೆ ಬಿದ್ದ ಸಿಲ್ವರ್ ಓಕ್ ಎಲೆ, ಹಿಂದೆ ಒಂದು ಟನ್ ಹಣ್ಣು ಇದ್ದರೆ ಇನ್ನೂ ದೂರ ಬೇಕು. ಮಂಜಿನಲ್ಲಿ ದೀಪವನ್ನು ಮೇಲಕ್ಕೆ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ಓಡಿಸುವವನ ಕಣ್ಣಿಗೇ ಹಿಂದಿರುಗುತ್ತದೆ. ಕೆಳಗಿನ ಬೆಳಕೇ ಸರಿ.

ಚಾಳೀಸು ಮತ್ತು ಪೊರೆ

ನಲವತ್ತು ದಾಟುತ್ತಿದ್ದಂತೆ ಪತ್ರಿಕೆಯನ್ನು ಕೈ ನೀಡಿ ದೂರ ಹಿಡಿದು ಓದುವ ಅಭ್ಯಾಸ ಬರುತ್ತದೆ. ಚಾಳೀಸು ಬಂತು ಎನ್ನುತ್ತಾರೆ. ಕೂಡಲೆ ಪೇಟೆಯಲ್ಲಿ ಸಿದ್ಧ ಕನ್ನಡಕವೊಂದನ್ನು ಕೊಂಡು ಹಾಕಿ, ಅಕ್ಷರ ದೊಡ್ಡದಾಗಿ ಕಂಡರೆ ಕಣ್ಣಿನ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಈ ಕನ್ನಡಕ ಹತ್ತಿರದ್ದನ್ನು ಓದಲು ಮಾತ್ರ. ಅದನ್ನು ಹಾಕಿಕೊಂಡು ಗಾಡಿ ಓಡಿಸಿದರೆ ದೂರದ್ದೆಲ್ಲ ಮಸುಕಾಗುತ್ತದೆ. ದೂರದ ದೃಷ್ಟಿಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಇದಕ್ಕಿಂತ ಮೋಸಗೊಳಿಸುವ ಸ್ಥಿತಿ ಇನ್ನೊಂದಿದೆ. ಅರವತ್ತರ ಹಿರಿಯರೊಬ್ಬರು ಕನ್ನಡಕವಿಲ್ಲದೆ ಪಂಚಾಂಗ ಓದುತ್ತಾರೆ ಎಂದಿಟ್ಟುಕೊಳ್ಳಿ. ಮನೆಯವರೆಲ್ಲ ‘ಅಪ್ಪನ ಕಣ್ಣು ಈಗಲೂ ಹದ್ದಿನ ಕಣ್ಣು’ ಎಂದು ಹೆಮ್ಮೆಪಡುತ್ತಾರೆ. ನಿಜವಾಗಿ ಅವರಿಗೆ ದೂರದ್ದು ಮಸುಕಾಗಿರುವ ಸಂಭವವೇ ಹೆಚ್ಚು. ಅದರಲ್ಲೂ ಮೊದಲು ಚಾಳೀಸಿನ ಕನ್ನಡಕ ಬೇಕಾಗಿದ್ದು ಈಚೆಗೆ ಅದಿಲ್ಲದೆ ಓದಲು ಬರುತ್ತಿದ್ದರೆ ಅದು ಕಣ್ಣು ಸುಧಾರಿಸಿದ ಲಕ್ಷಣವಲ್ಲ, ಕಣ್ಣಿನೊಳಗಿನ ಮಸೂರದಲ್ಲಿ ಪೊರೆ ಬೆಳೆಯುತ್ತಿರುವ ಲಕ್ಷಣ. ಮಸೂರ ಗಟ್ಟಿಯಾಗಿ ಹತ್ತಿರದ ದೃಷ್ಟಿ ಸ್ವಲ್ಪ ಕಾಲ ಮರಳುತ್ತದೆ, ದೂರದ ದೃಷ್ಟಿ ಹೋಗುತ್ತದೆ.

ಪೊರೆ ಬೆಳೆಯುವವರಿಗೆ ಮೊದಲು ತೊಂದರೆ ಕೊಡುವುದು ಎದುರಿನ ಗಾಡಿಯ ದೀಪ. ಒಂದು ದೀಪ ಹತ್ತಾಗಿ ಚದುರಿ, ಅದರ ಸುತ್ತ ಬಳೆಯಂತೆ ಬೆಳಕು ಕಟ್ಟಿ, ರಸ್ತೆಯ ಅಂಚೇ ಮಾಯವಾಗುತ್ತದೆ. ‘ಈಗಿನ ಲಾರಿಗಳ ಲೈಟು ಬಹಳ ಜೋರು’ ಎಂದು ದೂರುವವರಲ್ಲಿ ಅರ್ಧ ಜನ ಲಾರಿಯವರನ್ನು ಬೈಯುವುದಕ್ಕೆ ಮೊದಲು ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು. (ಉಳಿದ ಅರ್ಧ ಜನರ ದೂರು ನ್ಯಾಯವಾದದ್ದೇ.) ಪೊರೆ ಇಲ್ಲದಿದ್ದರೂ ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಅರವತ್ತರ ಕಣ್ಣಿನ ಒಳಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರರಲ್ಲೊಂದು ಪಾಲು. ಬಿಸಿಲಿನಿಂದ ತೋಟದ ದಟ್ಟ ನೆರಳಿನ ರಸ್ತೆಗೆ ನುಗ್ಗಿದಾಗ ಒಂದು ಕ್ಷಣ ಏನೂ ಕಾಣದಂತಾಗುವುದು ಎಲ್ಲರಿಗೂ ಅನುಭವ. ಹಿರಿಯರಿಗೆ ಆ ಕ್ಷಣ ಉದ್ದವಾಗಿರುತ್ತದೆ. ಕೂಲಿಯವರು ತಲೆಯ ಮೇಲೆ ಚೀಲ ಹೊತ್ತು ರಸ್ತೆಯ ಅಂಚಿನಲ್ಲಿ ಬರುವುದೂ ಅದೇ ನೆರಳಿನಲ್ಲಿ.

ಪೊರೆಗೆ ಔಷಧಿ ಇಲ್ಲ, ಶಸ್ತ್ರಚಿಕಿತ್ಸೆಯೇ ದಾರಿ. ಇದು ಈಗ ಹೆದರಿಕೆಯ ವಿಷಯವಲ್ಲ. ಪೊರೆ ‘ಹಣ್ಣಾಗಲಿ’ ಎಂದು ಕಾಯುವ ಹಳೆಯ ಪದ್ಧತಿಯೂ ಹೋಗಿದೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮೂಲಕ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಪೊರೆ ತೆಗೆದು ಮಸೂರ ಹಾಕುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೇಲೆ ಎಷ್ಟು ದಿನಕ್ಕೆ ಗಾಡಿ ಮುಟ್ಟಬಹುದೆಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಸದ್ದಿಲ್ಲದೆ ಬರುವ ಕಾಯಿಲೆಗಳು

ನಂಬರು ಫಲಕದ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೂ ಅಪಾಯಕಾರಿಯಾಗಿರುವ ಕಣ್ಣುಗಳುಂಟು. ಗ್ಲಾಕೋಮಾ ಎಂಬ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಣ್ಣಿನ ಒಳ ಒತ್ತಡ ಹೆಚ್ಚಿ, ನೋವಿಲ್ಲದೆ, ಅಂಚಿನ ದೃಷ್ಟಿ ಕ್ರಮೇಣ ಸವೆಯುತ್ತದೆ. ನೇರವಾಗಿ ನೋಡಿದ್ದು ಸ್ಪಷ್ಟ, ಪಕ್ಕದ್ದು ಇಲ್ಲ. ಕೊಳವೆಯಲ್ಲಿ ನೋಡಿದಂತೆ. ಬೇಲಿಯ ಸಂದಿನಿಂದ ಓಡಿಬರುವ ಮಗುವಾಗಲಿ, ದನವಾಗಲಿ ಇಂಥವರಿಗೆ ಕಾಣುವುದು ಗಾಡಿಯ ಮುಂದೆ ಬಂದ ಮೇಲೆಯೇ. ಮನೆಯಲ್ಲಿ ತಂದೆತಾಯಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಇದ್ದರೆ ನಲವತ್ತರ ನಂತರ ಒತ್ತಡ ಅಳೆಯಿಸಿಕೊಳ್ಳಲೇಬೇಕು. ಹೋದ ದೃಷ್ಟಿ ಮರಳದು, ಉಳಿದದ್ದನ್ನು ಹನಿ ಔಷಧಿಯಿಂದ ಕಾಪಾಡಬಹುದು.

ಸಕ್ಕರೆ ಕಾಯಿಲೆಯವರ ಕಷ್ಟ ಎರಡು ಬಗೆಯದು. ಕಣ್ಣಿನ ಒಳಪಟಲದ ರಕ್ತನಾಳಗಳು ಕೆಡುತ್ತವೆ. ಆರಂಭದಲ್ಲಿ ಏನೂ ಗೊತ್ತಾಗುವುದಿಲ್ಲ, ಆದುದರಿಂದ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಒಳಗಣ್ಣು ನೋಡಿಸಬೇಕು. ಆ ಹನಿ ಹಾಕಿದ ದಿನ ಕೆಲವು ಗಂಟೆಗಳ ಕಾಲ ಕಣ್ಣು ಮಂಜಾಗಿರುತ್ತದೆ, ಬಸ್ಸಿನಲ್ಲಿ ಹೋಗಿ ಬರುವುದೇ ಸೂಕ್ತ. ಎರಡನೆಯದು ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದಾಗ ಸಕ್ಕರೆ ಇಳಿಯುವುದು. ಕೊಯ್ಲಿನ ದಿನ ಬೆಳಗ್ಗೆ ಆರಕ್ಕೆ ಕೂಲಿಯವರನ್ನು ಕರೆತರಲು ಹೊರಟವನು ತಿಂಡಿ ಮರೆತಿರುತ್ತಾನೆ. ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂದರೆ ಕೂಡಲೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಬೆಲ್ಲವನ್ನೋ ಸಕ್ಕರೆಯನ್ನೋ ತಿಂದು, ಮುಕ್ಕಾಲು ಗಂಟೆಯಾದರೂ ಸುಧಾರಿಸಿಕೊಂಡ ಮೇಲೆ ಹೊರಡಬೇಕು. ಜೀಪಿನಲ್ಲಿ ಒಂದು ಅಚ್ಚು ಬೆಲ್ಲ ಇಟ್ಟುಕೊಂಡರೆ ಯಾರೂ ನಗುವುದಿಲ್ಲ.

ಇರುಳುಗುರುಡು ‘ಎ’ ಜೀವಸತ್ವದ ಕೊರತೆಯಿಂದ ಬರಬಹುದು, ಅದು ಗುಣವಾಗುತ್ತದೆ. ಒಳಪಟಲ ಹುಟ್ಟಿನಿಂದಲೇ ದುರ್ಬಲವಾಗಿ ಕ್ರಮೇಣ ಕೆಡುವ ವಂಶಪಾರಂಪರ್ಯದ ರೋಗದಿಂದಲೂ ಬರಬಹುದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವ ಮನೆತನಗಳಲ್ಲಿ ಇದರ ಸಂಭವ ಹೆಚ್ಚು. ಹುಡುಗ ಸಂಜೆಯಾದ ಮೇಲೆ ಅಂಗಳದಲ್ಲಿ ಎಡವುತ್ತಾನೆ ಎಂದರೆ ಅದನ್ನು ಅಜಾಗರೂಕತೆ ಎಂದು ಗದರುವ ಮೊದಲು ಕಣ್ಣು ತೋರಿಸಿ. ಬೈಕು ಕೊಡಿಸುವ ಮಾತು ಆಮೇಲೆ.

ಬಣ್ಣಗುರುಡಿನ ವಿಷಯದಲ್ಲಿ ಕಾಫಿ ತೋಟವೇ ಒಂದು ಪರೀಕ್ಷಾ ಶಾಲೆ. ಮೇಸ್ತ್ರಿಗಳು ಎಷ್ಟು ಹೇಳಿದರೂ ಹಣ್ಣಿನ ಜೊತೆ ಹಸಿರು ಕಾಯಿ ಕುಯ್ಯುವ ಹುಡುಗನಿದ್ದರೆ ಅದು ಯಾವಾಗಲೂ ಸೋಮಾರಿತನವಲ್ಲ. ಅವನಿಗೆ ಕೆಂಪು–ಹಸಿರಿನ ಭೇದ ಕಾಣದೇ ಇರಬಹುದು. ಈ ದೋಷ ತಾಯಿಯ ಮೂಲಕ ಮಗನಿಗೆ ಬರುತ್ತದೆ. ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ತೀರ ಅಪರೂಪ. ಜಪಾನಿನ ವೈದ್ಯ ಇಶಿಹಾರ 1917ರಲ್ಲಿ ಪ್ರಕಟಿಸಿದ ಚುಕ್ಕಿಗಳ ಚಿತ್ರಪಟವನ್ನೇ ಈಗಲೂ ಇದರ ಪರೀಕ್ಷೆಗೆ ಬಳಸುತ್ತಾರೆ. ಮೊದಲು ಈ ದೋಷವಿದ್ದವರಿಗೆಲ್ಲ ಪರವಾನಗಿ ಕಷ್ಟವಾಗಿತ್ತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಮೂನೆಗಳನ್ನು ಬದಲಿಸಿ, ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡಿನವರಿಗೆ ಅವಕಾಶ ಮಾಡಿಕೊಟ್ಟಿತು. ತೀವ್ರ ಪ್ರಮಾಣದವರಿಗೆ ಮಾತ್ರ ಈಗ ನಿರ್ಬಂಧ. ಇದನ್ನು ತಿಳಿಯದೆ ಇನ್ನೂ ಮುಚ್ಚಿಡುವವರಿದ್ದಾರೆ, ಮುಚ್ಚಿಡುವ ಅಗತ್ಯವಿಲ್ಲ.

ಒಂದು ಕಣ್ಣು ಕಳೆದುಕೊಂಡವರ ಬಗ್ಗೆಯೂ ನಮೂನೆಯಲ್ಲಿ ಒಂದು ವಿನಾಯಿತಿ ಇದೆ. ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಪರವಾನಗಿ ಹೊಂದಿದ್ದು ಆಮೇಲೆ ಒಂದು ಕಣ್ಣಿನ ದೃಷ್ಟಿ ಹೋದವರು, ಸ್ಟಿಯರಿಂಗ್ ಪಕ್ಕಕ್ಕೆ ಹೊರಗನ್ನಡಿ ಇರುವ, ಸಾರಿಗೆಯಲ್ಲದ ಲಘು ವಾಹನಕ್ಕೆ ಅರ್ಜಿ ಹಾಕಬಹುದು. ರೈತರು ಕಣ್ಣು ಕಳೆದುಕೊಳ್ಳುವುದು ಬಹುಮಟ್ಟಿಗೆ ಕೆಲಸದಲ್ಲಿಯೇ. ಭತ್ತದ ಗರಿ ತಾಗಿ, ಕಳೆ ಕತ್ತರಿಸುವ ಯಂತ್ರದಿಂದ ಕಲ್ಲು ಸಿಡಿದು, ಬೋರ್ಡೋ ದ್ರಾವಣದ ಸುಣ್ಣ ಹಾರಿ ಕಣ್ಣಿಗೆ ಪೆಟ್ಟಾಗುತ್ತದೆ. ಗರಿ ತಾಗಿದ ಗಾಯಕ್ಕೆ ಶಿಲೀಂಧ್ರ ಸೇರಿ ಹುಣ್ಣಾಗಿ ಬಿಳಿ ಕಲೆ ಉಳಿಯುತ್ತದೆ. ಇದಕ್ಕೆ ಸೊಪ್ಪಿನ ರಸ, ಎದೆಹಾಲು, ಹರಳೆಣ್ಣೆ ಹಾಕುತ್ತ ನಾಲ್ಕು ದಿನ ಕಳೆದರೆ ಕಣ್ಣು ಹೋದಂತೆಯೇ. ಸುಣ್ಣ ಬಿದ್ದರೆ ಅಲ್ಲಿಯೇ ಧಾರಾಳವಾಗಿ ಶುದ್ಧ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು.

ಔಷಧಿ ಹೊಡೆದ ದಿನ

ಕೃಷಿಕರಿಗೆ ಮಾತ್ರ ಇರುವ ಒಂದು ಅಪಾಯವನ್ನು ಯಾವ ನಮೂನೆಯೂ ಕೇಳುವುದಿಲ್ಲ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮೊದಲಾದ ರಂಜಕಯುಕ್ತ ಕೀಟನಾಶಕಗಳು ಚರ್ಮದಿಂದಲೂ ಉಸಿರಿನಿಂದಲೂ ಮೈಗೆ ಸೇರುತ್ತವೆ. ಸೇರಿದಾಗ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ದೃಷ್ಟಿ ಮಂಕಾಗುತ್ತದೆ, ತಲೆ ಸುತ್ತುತ್ತದೆ, ಜೊಲ್ಲು ಬೆವರು ಹೆಚ್ಚುತ್ತವೆ. ಇಡೀ ದಿನ ಕೈಗವಸು, ಮುಖವಾಡವಿಲ್ಲದೆ ಔಷಧಿ ಹೊಡೆದವನು ಅದೇ ಬಟ್ಟೆಯಲ್ಲಿ ಸಂಜೆ ಆರೂವರೆಗೆ ಬೈಕು ಹತ್ತಿ ಘಾಟಿ ರಸ್ತೆಗೆ ಇಳಿಯುತ್ತಾನೆ. ಬೆಳಕು ಕಡಿಮೆಯಾಗುವ ಹೊತ್ತಿಗೆ ಹಿಗ್ಗಬೇಕಾದ ಪಾಪೆ ಹಿಗ್ಗದು. ಔಷಧಿ ಹೊಡೆದವರು ಸೋಪು ಹಚ್ಚಿ ಮೈ ತೊಳೆದು, ಬಟ್ಟೆ ಬದಲಿಸಬೇಕು. ಕಣ್ಣು ಮಂಜಾಗಿದ್ದರೆ ಗಾಡಿಯನ್ನು ಮುಟ್ಟಲೇಬಾರದು, ವೈದ್ಯರಲ್ಲಿಗೆ ಹೋಗಬೇಕು. ಹೋಗುವಾಗ ಔಷಧಿ ಡಬ್ಬಿಯ ಚೀಟಿಯನ್ನು ಜೊತೆಯಲ್ಲಿ ಒಯ್ಯಬೇಕು.

ನೆಗಡಿ, ಕೆಮ್ಮು, ಅಲರ್ಜಿಗೆ ಕೊಡುವ ಹಲವು ಮಾತ್ರೆಗಳು ನಿದ್ದೆ ತರುತ್ತವೆ. ಮದ್ಯದ ವಿಷಯ ಎಲ್ಲರಿಗೂ ಗೊತ್ತು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ.

ಮೂರ್ಛೆರೋಗದ ಮಾತು ಕಷ್ಟದ್ದು. ಅದನ್ನು ಹೇಳಿಕೊಂಡರೆ ಮದುವೆ ನಿಲ್ಲುತ್ತದೆ, ಕೆಲಸ ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಬ್ರಿಟನ್ನಿನಲ್ಲಿ ಒಂದು ವರ್ಷ ಮೂರ್ಛೆ ಬಾರದಿದ್ದರೆ ಕಾರು ಓಡಿಸಲು ಸಾಮಾನ್ಯವಾಗಿ ಬಿಡುತ್ತಾರೆ. ಭಾರತದ ನಿಯಮಗಳ ಧೋರಣೆ ಇನ್ನೂ ನಿಷೇಧದ್ದೇ. ಇದು ತುಸು ಕಠಿಣವೆಂದು ವಾದಿಸಲು ಅವಕಾಶವಿದೆ. ಆದರೆ ಶಿರಾಡಿಯ ತಿರುವಿನಲ್ಲಿ ಅರ್ಧ ನಿಮಿಷ ಪ್ರಜ್ಞೆ ತಪ್ಪುವವನ ಹಿಂದೆ ಇಪ್ಪತ್ತು ಜನ ನಿಂತಿದ್ದರೆ ಆ ವಾದಕ್ಕೆ ಅಲ್ಲಿ ಜಾಗವಿಲ್ಲ. ಕಾಯಿಲೆ ಇರುವವನಿಗೆ ತೋಟದಲ್ಲಿ ಬೇರೆ ಕೆಲಸ ಕೊಡುವುದು ಸಾಹುಕಾರರ ಕೈಯಲ್ಲಿದೆ. ‘ಹೇಳಿದರೆ ಕೆಲಸ ಹೋಗುವುದಿಲ್ಲ’ ಎಂಬ ಭರವಸೆ ಇದ್ದಾಗಲೇ ಡ್ರೈವರು ಬಾಯಿಬಿಟ್ಟು ಹೇಳುತ್ತಾನೆ.

ಯಜಮಾನರ ಹೊಣೆ

ಬಹಳ ಜನ ರೈತರು ಕೇಳುವ ಪ್ರಶ್ನೆ: ‘ಸ್ವಂತ ತೋಟದ ರಸ್ತೆಯಲ್ಲಿ ಓಡಿಸಲು ಇದೆಲ್ಲ ಏಕೆ?’ ಕಾಯಿದೆಯ ಮೂರನೆಯ ಕಲಮು ಸಾರ್ವಜನಿಕ ಸ್ಥಳದಲ್ಲಿ ಪರವಾನಗಿಯಿಲ್ಲದೆ ಓಡಿಸಬಾರದು ಎನ್ನುತ್ತದೆ. ಆದರೆ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವ ದಾರಿಯೂ, ಅದು ಕೊನೆಯಲ್ಲಿ ಮುಚ್ಚಿದ ದಾರಿಯಾದರೂ, ಸಾರ್ವಜನಿಕ ಸ್ಥಳವೇ. ಎರಡು ತೋಟ, ನಾಲ್ಕು ಲೈನುಮನೆ, ಒಂದು ದೇವಸ್ಥಾನಕ್ಕೆ ಹೋಗುವ ದಾರಿಯನ್ನು ‘ನಮ್ಮ ತೋಟದ ರಸ್ತೆ’ ಎಂದು ನ್ಯಾಯಾಲಯದಲ್ಲಿ ಸಾಧಿಸುವುದು ಸುಲಭವಲ್ಲ. ಟ್ರಾಕ್ಟರಿಗೆ ಲೈಸೆನ್ಸು ಬೇಡವೆಂಬುದಂತೂ ಶುದ್ಧ ತಪ್ಪು.

ಐದನೆಯ ಕಲಮಿನ ಪ್ರಕಾರ ಪರವಾನಗಿ ಇಲ್ಲದವರ ಕೈಗೆ ಗಾಡಿ ಕೊಡುವ ಮಾಲೀಕರೂ ಹೊಣೆಗಾರರು. ಹದಿನೆಂಟು ತುಂಬದ ಮಗ ಓಡಿಸಿ ಅಪರಾಧವೆಸಗಿದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆಮನೆ ಮತ್ತು 25,000 ರೂಪಾಯಿ ದಂಡವಿದೆ. ದೇಹದಲ್ಲಿ ಅಥವಾ ಮನಸ್ಸಿನಲ್ಲಿ ಅಶಕ್ತನೆಂದು ತಿಳಿದೂ ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು 186ನೆಯ ಕಲಮಿನಲ್ಲಿ ಪ್ರತ್ಯೇಕ ಅಪರಾಧ, ಮೊದಲ ಸಲಕ್ಕೆ 1,000 ರೂಪಾಯಿವರೆಗೆ ದಂಡ. ದಂಡ ಚಿಕ್ಕದು. ದೊಡ್ಡದು ಪರಿಹಾರದ ಮೊತ್ತ. 2004ರ ಸರ್ವೋಚ್ಚ ನ್ಯಾಯಾಲಯದ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಂತೆ, ಚಾಲಕನ ಪರವಾನಗಿ ಸರಿಯಿಲ್ಲವೆಂದೂ ಮಾಲೀಕ ಅದರಲ್ಲಿ ಅಲಕ್ಷ್ಯ ಮಾಡಿದನೆಂದೂ ರುಜುವಾತಾದರೆ, ವಿಮಾ ಸಂಸ್ಥೆ ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಬಹುದು. ನಾಲ್ಕೆಕರೆಯ ಸಣ್ಣ ಬೆಳೆಗಾರನಿಗೆ ವಸೂಲು ಎಂದರೆ ತೋಟವೇ. ಪಿಕಪ್ಪಿನ ಹಿಂಭಾಗದಲ್ಲಿ ಕೂಲಿಯವರನ್ನು ತುಂಬಿ ಕರೆತರುವುದು ಕಾನೂನಿಗೆ ವಿರುದ್ಧವೆಂದು ಗೊತ್ತಿದ್ದೂ ನಡೆಯುತ್ತಿದೆ. ಅಲ್ಲಿ ನಿಂತವರು ತಮ್ಮ ಕಣ್ಣಿನಿಂದ ರಸ್ತೆ ನೋಡಲಾರರು, ಎಲ್ಲರ ಪರವಾಗಿ ನೋಡುವವನು ಒಬ್ಬನೇ.

ಆದುದರಿಂದ ಕೊಯ್ಲಿಗೆ ಒಂದು ತಿಂಗಳು ಮೊದಲು ಗಾಡಿಯನ್ನು ಗ್ಯಾರೇಜಿಗೆ ಕಳುಹಿಸುವ ದಿನವೇ ಡ್ರೈವರನ್ನು ಕಣ್ಣಿನ ಪರೀಕ್ಷೆಗೆ ಕಳುಹಿಸುವುದು ಅನುಕೂಲ. ಸಕಲೇಶಪುರದ ಕ್ರಾಫರ್ಡ್ ಸರ್ಕಾರಿ ಆಸ್ಪತ್ರೆ, ಆಲೂರಿನ ತಾಲ್ಲೂಕು ಆಸ್ಪತ್ರೆ, ಹೆಚ್ಚಿನ ಪರೀಕ್ಷೆಗೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇವೆ. ಆ ದಿನದ ಕೂಲಿ ಮುರಿಯಬಾರದು, ಕನ್ನಡಕದ ಖರ್ಚನ್ನು ತೋಟದ ಲೆಕ್ಕಕ್ಕೆ ಹಾಕಬೇಕು. ಒಂದರ ಬದಲು ಎರಡು ಜೊತೆ ಮಾಡಿಸಿ ಒಂದನ್ನು ಗಾಡಿಯಲ್ಲಿಯೇ ಇಡಬೇಕು. ಮಲೆನಾಡಿನ ಮಳೆಗೆ ಗಾಜು ಮಂಜಾಗುವುದರಿಂದ ಒಂದು ಒಣಗಿದ ಹತ್ತಿ ಬಟ್ಟೆಯೂ ಇರಲಿ. ನವೀಕರಣದ ಅರ್ಜಿಯನ್ನು ಈಗ ‘ಸಾರಥಿ’ ಜಾಲತಾಣದಲ್ಲಿ ತುಂಬಬೇಕು. ಸಕಲೇಶಪುರದಲ್ಲಿಯೇ ಕೆಎ-46 ಸಂಖ್ಯೆಯ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿ ಇದೆ. ಕಾಲು ಅಥವಾ ಕೈ ಊನವಾದವರು ತಮಗೆ ಹೊಂದುವಂತೆ ಮಾರ್ಪಡಿಸಿದ ವಾಹನಕ್ಕೆ ಪರವಾನಗಿ ಕೇಳಲು ಕಾಯಿದೆಯಲ್ಲಿ ಅವಕಾಶವಿದೆ, ಅದನ್ನೂ ಅಲ್ಲಿಯೇ ವಿಚಾರಿಸಬಹುದು. 1-ಎ ನಮೂನೆಗೆ ಭಾವಚಿತ್ರ ಅಂಟಿಸಿಕೊಂಡು, ಹಳೆಯ ಕನ್ನಡಕವನ್ನೂ ನಿತ್ಯ ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ಹಿಡಿದುಕೊಂಡು ವೈದ್ಯರಲ್ಲಿಗೆ ಹೋದರೆ ಒಂದೇ ಸಲಕ್ಕೆ ಕೆಲಸವಾಗುತ್ತದೆ.